ಪೀಡಿಯಾಟ್ರಿಕ್ಸ್ ತಗೊಳ್ಲಾ ಬೇಡ್ವಾ ಅಂತ ಕೇಳಿದ ಇಂಟರ್ನ್‌ಗೆ ಒಂದು ಉದ್ದನೆಯ ಉತ್ತರ

ಪ್ರಶ್ನೆ: ಮೇಡಂ, ಸರ್ಕಾರಿ ಮೆಡಿಕಲ್ ಕಾಲೇಜಲ್ಲಿ ಇಂಟರ್ನ್‌ಶಿಪ್ ಮುಗೀತಾ ಬಂತು. ನೀಟ್ ಪಿಜಿ (ಎಂಬಿಬಿಎಸ್ ನಂತರದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ರ‍್ಯಾಂಕ್ ಪರವಾಗಿಲ್ಲ, ಪೀಡಿಯಾಟ್ರಿಕ್ಸ್ (ಮಕ್ಕಳ ವೈದ್ಯಕೀಯ) ಸಿಗೋ ಹಾಗಿದೆ, ಸಾಲ ಮಾಡಿದ್ರೆ ಖಾಸಗಿ ಕಾಲೇಜಲ್ಲಿ ಡರ್ಮಾ (ಚರ್ಮರೋಗ ವಿಭಾಗ) ಕೂಡ ಸಿಗಬಹುದು. ನಂಗೆ ಮಕ್ಕಳು ಅಂದ್ರೆ ತುಂಬಾ ಇಷ್ಟ. ಆದ್ರೆ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ನಾನು ನೋಡ್ಕೋತಿದ್ದ ಒಂದು ಮಗು ತೀರ್ಕೊಂಡಾಗ ಎಷ್ಟೋ ರಾತ್ರಿ ನಿದ್ದೆ ಬರ್ಲಿಲ್ಲ. ಅಪ್ಪ ಅಮ್ಮ "ಹೆಣ್ಮಗಳು, ನೈಟ್ ಡ್ಯೂಟಿ ಇಲ್ಲದ ಬ್ರಾಂಚ್ ತಗೋ" ಅಂತಿದಾರೆ. ಸೀನಿಯರ್ಸ್ "ಈಗ ಮಕ್ಕಳೇ ಹುಟ್ತಿಲ್ಲ, ಅದ್ರಲ್ಲಿ ದುಡ್ಡೂ ಇಲ್ಲ" ಅಂತಾರೆ. ಏನ್ ಮಾಡ್ಲಿ?

ಉತ್ತರ:

ಮೊದಲು "ಮಕ್ಕಳು ಅಂದ್ರೆ ಇಷ್ಟ" ಅನ್ನೋದನ್ನ ಪಕ್ಕಕ್ಕಿಡೋಣ. ಪೀಡಿಯಾಟ್ರಿಕ್ಸ್ ತಗೊಳ್ಳೋಕೆ ಬರೋ ಹತ್ತರಲ್ಲಿ ಒಂಬತ್ತು ಜನ ಇದೇ ಮಾತು ಹೇಳ್ತಾರೆ, ಅದು ನಿಜಾನೂ ಹೌದು, ಆದ್ರೆ ಓಪಿಡಿಗೆ (ಹೊರರೋಗಿ ವಿಭಾಗ) ಬರೋ ಮಗು ನಿಮ್ಮನೆ ಅಕ್ಕನ ಮಗು ಥರ ನಗ್ತಾ ಬರಲ್ಲ, ನಿಮ್ಮ ಸ್ಟೆತ್ ಕಂಡ ತಕ್ಷಣ ಕಿರಿಚುತ್ತೆ, ಒದೆಯುತ್ತೆ, ಮೈಮೇಲೆ ವಾಂತಿ ಮಾಡುತ್ತೆ. ಅದನ್ನ ಯಾರು ಬೇಕಾದ್ರೂ ಒಂದು ತಿಂಗಳಲ್ಲಿ ಅಭ್ಯಾಸ ಮಾಡ್ಕೋತಾರೆ. ಕಷ್ಟ ಇರೋದು ಮಗುವಿನ ಜೊತೆ ಬರೋರ ಹತ್ರ. ಅಮ್ಮ, ಅಪ್ಪ, ಅಜ್ಜಿ, ಅತ್ತೆ, ಕೆಲವೊಮ್ಮೆ ಫೋನ್‌ನಲ್ಲಿ ದುಬೈಯಿಂದ ಮಾತಾಡೋ ಮಾವ. ನಾನು ಪಿಜಿ ಸೇರೋಕೆ ಯೋಚನೆ ಮಾಡ್ತಿರೋರಿಗೆ ಒಂದೇ ಪ್ರಶ್ನೆ ಕೇಳ್ತೀನಿ: ಒಬ್ಬ ತಾಯಿ ಒಂದೇ ವಿಷಯವನ್ನ ನಾಲ್ಕನೇ ಸಲ ಕೇಳಿದಾಗ ನಿಮಗೆ ಸಿಟ್ಟು ಬರುತ್ತಾ, ಅಥವಾ "ನಾನು ಹೇಳಿದ ರೀತಿ ಇವಳಿಗೆ ಅರ್ಥ ಆಗಿಲ್ಲ, ಬೇರೆ ಥರ ಹೇಳ್ಬೇಕು" ಅನ್ಸುತ್ತಾ? ಎರಡನೇದು ಅನ್ಸೋರಾದ್ರೆ ಮುಂದೆ ಓದಿ. ಯಾಕಂದ್ರೆ ನಮ್ಮ ಬ್ರಾಂಚಲ್ಲಿ ಟ್ರೀಟ್‌ಮೆಂಟ್ ಬರೆಯೋದು ನಾವು, ಮಾಡೋದು ಮನೆಯವರು. ಇದು ತಲೆಗೆ ಹೋಗದೇ ಇದ್ರೆ ಎಂಡಿಯಲ್ಲಿ ಗೋಲ್ಡ್ ಮೆಡಲ್ ತಗೊಂಡ್ರೂ ಒಳ್ಳೆ ಮಕ್ಕಳ ಡಾಕ್ಟರ್ ಆಗೋದು ಕಷ್ಟ.

ಕೆಲಸ ಹೇಗಿರುತ್ತೆ ಅಂತ ಸ್ವಲ್ಪ ಹತ್ತಿರದಿಂದ ಹೇಳ್ತೀನಿ. ಒಂಬತ್ತು ತಿಂಗಳ ಮಗು, ಕೆಮ್ಮು ಜ್ವರ ಅಂತ ಕರ್ಕೊಂಡು ಬಂದಿದಾರೆ, ತಾಯಿ ತೊಡೆ ಮೇಲೆ ಅರೆನಿದ್ದೆಯಲ್ಲಿದೆ. ಮೆಡಿಸಿನ್ ಪೋಸ್ಟಿಂಗ್‌ನಲ್ಲಿ ಕಲಿತ ಹಾಗೆ ನೇರ ಹೋಗಿ ಮುಟ್ಟಿದ್ರೆ ಎಲ್ಲ ಹಾಳಾಗೋಯ್ತು, ಅಳು ಶುರುವಾದ್ಮೇಲೆ ಉಸಿರು ಎಣಿಸೋಕೂ ಆಗಲ್ಲ, ಎದೆ ಕೇಳೋಕೂ ಆಗಲ್ಲ. ಅದಕ್ಕೆ ಮೊದಲು ದೂರ ಕೂತು ತಾಯಿ ಜೊತೆ ಮಾತಾಡ್ತಾ ಅಂಗಿ ಮೇಲೆತ್ತಿಸಿ ಪೂರ್ತಿ ಒಂದು ನಿಮಿಷ ಹೊಟ್ಟೆ ನೋಡ್ತಾ ಎಣಿಸೋದು. ಎರಡು ತಿಂಗಳ ಒಳಗಿನ ಮಗುವಿಗೆ 60, ಒಂದು ವರ್ಷದ ಒಳಗೆ 50, ಒಂದರಿಂದ ಐದು ವರ್ಷದವರೆಗೆ 40, ಇದಕ್ಕೆ ಮುಟ್ಟಿದ್ರೆ ಅಥವಾ ದಾಟಿದ್ರೆ ಅದು ವೇಗದ ಉಸಿರಾಟ, ನ್ಯುಮೋನಿಯಾ ಅಂತ ಯೋಚನೆ ಮಾಡ್ಬೇಕು. ಪಕ್ಕೆ ಒಳಗೆ ಸೆಳೀತಿದೆಯಾ, ಮೂಗಿನ ಹೊಳ್ಳೆ ಅರಳ್ತಿದೆಯಾ, ಉಸಿರು ಬಿಡುವಾಗ ಸಣ್ಣಗೆ ನರಳೋ ಸದ್ದು ಬರ್ತಿದೆಯಾ, ಇದೆಲ್ಲ ಕಣ್ಣು ಕಿವಿಯಿಂದಾನೇ ಗೊತ್ತಾಗ್ಬೇಕು. ಆಮೇಲೆ ಸ್ಟೆತ್‌ನ ಅಂಗೈಯಲ್ಲಿ ಬೆಚ್ಚಗೆ ಮಾಡಿ ಬೆನ್ನ ಕಡೆಯಿಂದ ಇಡೋದು. ಕಿವಿ ಗಂಟಲು ನೋಡೋದು ಕಟ್ಟಕಡೆಗೆ, ಯಾಕಂದ್ರೆ ಅಲ್ಲಿಗೆ ಮಗುವಿನ ತಾಳ್ಮೆ ಮುಗೀತು. ಎಕ್ಸ್‌ರೇ, ಸಿಆರ್‌ಪಿ (ಉರಿಯೂತ, ಸೋಂಕಿನ ಸುಳಿವು ಕೊಡೋ ರಕ್ತಪರೀಕ್ಷೆ) ಎಲ್ಲ ಬರೋಕೆ ಮುಂಚೆ ನಿಮಗೆ ಮುಕ್ಕಾಲು ಉತ್ತರ ಸಿಕ್ಕಿರುತ್ತೆ. ಬಾಯಿ ಬಿಟ್ಟು ಹೇಳೋಕಾಗದ ಜೀವವನ್ನ ನೋಡಿ ನೋಡಿನೇ ಓದೋ ಈ ವಿದ್ಯೆ ನಿಮಗೆ ಪೋಸ್ಟಿಂಗ್‌ನಲ್ಲಿ ಹಿಡಿಸಿದ್ರೆ ಅದು ಒಳ್ಳೆ ಲಕ್ಷಣ, "ಮಕ್ಕಳು ಕ್ಯೂಟ್" ಅನ್ನೋದಕ್ಕಿಂತ ನಾನು ಇದನ್ನ ಜಾಸ್ತಿ ನಂಬ್ತೀನಿ.

ಎರಡನೇದು ಲೆಕ್ಕ. ನಮ್ಮಲ್ಲಿ ಎಲ್ಲವೂ ಕೆಜಿ ಲೆಕ್ಕ. 900 ಗ್ರಾಂ ಮಗುವಿನಿಂದ ಹಿಡಿದು 70 ಕೆಜಿ ಇರೋ ಹದಿನೇಳು ವರ್ಷದ ಹುಡುಗನವರೆಗೆ ಒಂದೇ ವಾರ್ಡ್ ರೌಂಡ್ಸಲ್ಲಿ ನೋಡ್ತೀರಿ, ಪ್ರತಿಯೊಬ್ಬರಿಗೂ ಡೋಸ್ ಬೇರೆ, ಫ್ಲೂಯಿಡ್ ಬೇರೆ, ಬಿಪಿ ನಾರ್ಮಲ್ ಎಷ್ಟು ಅನ್ನೋದೂ ಬೇರೆ. ಒಂದು ಸಣ್ಣ ಉದಾಹರಣೆ ಕೊಡ್ತೀನಿ, ಪ್ಯಾರಾಸಿಟಮಾಲ್. ಹತ್ತು ಕೆಜಿ ಮಗುವಿಗೆ ಕೆಜಿಗೆ 15 ಮಿಲಿಗ್ರಾಂ ಅಂದ್ರೆ 150 ಮಿಲಿಗ್ರಾಂ. ಮೆಡಿಕಲ್ ಶಾಪಲ್ಲಿ 5 ಎಂಎಲ್‌ಗೆ 250 ಮಿಲಿಗ್ರಾಂ ಇರೋ ಸಿರಪ್ ಸಿಗುತ್ತೆ, 5 ಎಂಎಲ್‌ಗೆ 125 ಇರೋದೂ ಸಿಗುತ್ತೆ, 1 ಎಂಎಲ್‌ಗೇ 100 ಇರೋ ಡ್ರಾಪ್ಸೂ ಸಿಗುತ್ತೆ. ನೀವು 250ರ ಸಿರಪ್ ಅಂದ್ಕೊಂಡು "3 ಎಂಎಲ್ ಹಾಕಿ" ಅಂದ್ರಿ, ಮನೇಲಿದ್ದಿದ್ದು ಡ್ರಾಪ್ಸ್, ಅಲ್ಲಿಗೆ ಡಬಲ್ ಡೋಸ್ ಹೋಯ್ತು, ಅದೂ ಆರಾರು ಗಂಟೆಗೆ. ಅದಕ್ಕೆ ಬಾಟಲಿ ಕೈಗೆ ತರಿಸ್ಕೊಂಡು, ಅಳತೆ ಮುಚ್ಚಳದಲ್ಲಿ ಇಲ್ಲೀವರೆಗೆ ಅಂತ ಪೆನ್ನಲ್ಲಿ ಗೆರೆ ಎಳೆದು, "ಅಮ್ಮಾ, ಒಂದ್ಸಲ ನೀವೇ ತೋರ್ಸಿ" ಅಂತ ಅವರ ಕೈಯಿಂದ ಮಾಡಿಸಿ ನೋಡ್ಬೇಕು. ಇದಕ್ಕೆ ಎರಡು ನಿಮಿಷ ಹಿಡಿಯುತ್ತೆ, ಹೊರಗೆ ನಲವತ್ತು ಜನ ಕಾಯ್ತಿರ್ತಾರೆ, ಆದ್ರೂ ಮಾಡ್ಬೇಕು. ಇಂಥ ಸಣ್ಣ ವಿಷಯದಲ್ಲಿ ಹಠ ಇಲ್ದೋರಿಗೆ ಈ ಬ್ರಾಂಚ್ ಒಗ್ಗಲ್ಲ ಅಂತ ನನ್ನ ಅಭಿಪ್ರಾಯ.

ಮನೆಯವರ ಕೈಯೇ ಚಿಕಿತ್ಸೆ ಅನ್ನೋ ಮಾತಿಗೆ ನಮ್ಮ ದೇಶದ್ದೇ ಅತಿ ದೊಡ್ಡ ಉದಾಹರಣೆ ಇದೆ. 1971ರಲ್ಲಿ ಬಾಂಗ್ಲಾ ಯುದ್ಧದ ಸಮಯ, ಪಶ್ಚಿಮ ಬಂಗಾಳದ ಗಡಿ ಊರು ಬನ್‌ಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಜನ ನೆಲದ ಮೇಲೇ ಬಿದ್ದು ಸಾಯ್ತಿದ್ರು, ರಕ್ತನಾಳಕ್ಕೆ ಏರಿಸೋ ಐವಿ ಬಾಟಲಿ ಮುಗಿದು ಹೋಗಿತ್ತು. ಮಕ್ಕಳ ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಉಪ್ಪು ಸಕ್ಕರೆ ಸೋಡಾದ ದ್ರಾವಣ ಮಾಡಿಸಿ ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಿ ಅಂದ್ರು. ಸಾವಿನ ಪ್ರಮಾಣ ಶೇ. 30ರ ಆಸುಪಾಸಿಂದ ಶೇ. 3.6ಕ್ಕೆ ಇಳೀತು. ಆಗ ದೊಡ್ಡ ದೊಡ್ಡವರೇ ಇದನ್ನ ನಂಬಿರ್ಲಿಲ್ಲ, ಓದು ಬರಹ ಇಲ್ದಿರೋ ಜನ ಇದನ್ನ ಹೇಗೆ ಮಾಡ್ತಾರೆ ಅಂತ. ಮಹಲನಬೀಸ್ ಅವರು 2022ರಲ್ಲಿ ತೀರ್ಕೊಂಡ್ರು, ಮುಂದಿನ ವರ್ಷ ಪದ್ಮವಿಭೂಷಣ ಬಂತು. ಇವತ್ತು ನಮ್ಮ ಓಪಿಡಿಯಲ್ಲಿ ಭೇದಿ ಆಗ್ತಿರೋ ಮಗುವಿಗೆ ಓಆರ್‌ಎಸ್ ಮತ್ತು 14 ದಿನ ಜಿಂಕ್ ಬರೆದು ಕಳಿಸ್ತೀವಲ್ಲ, ಆ ಚೀಟಿಯ ಬೆಲೆ ತಾಯಿ ಮನೆಗೆ ಹೋಗಿ ಚಮಚ ಚಮಚವಾಗಿ ಕುಡಿಸಿದ್ರೆ ಮಾತ್ರ. ಕಾಂಗರೂ ಆರೈಕೆನೂ ಹಾಗೇ, ನಮ್ಮದೇ ಕೊಪ್ಪಳ ಜಿಲ್ಲೆಯಲ್ಲಿ ಇದನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ, ಆಮೇಲೆ ಮನೆಗಳಲ್ಲಿ ವ್ಯವಸ್ಥಿತವಾಗಿ ಮಾಡಿ ತೋರಿಸಿದಾರೆ, ಕಡಿಮೆ ತೂಕದ ಮಗುವನ್ನ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗೋ ಹಾಗೆ ಕಟ್ಟಿಡೋದು, ದಿನಕ್ಕೆ ಎಷ್ಟು ಹೆಚ್ಚು ಗಂಟೆ ಆಗುತ್ತೋ ಅಷ್ಟೂ ಒಳ್ಳೇದು. ಅದಕ್ಕೆ ದೊಡ್ಡ ಮಷೀನ್ ಬೇಕಿಲ್ಲ, ಆದ್ರೆ ಅತ್ತೆಯನ್ನ ಒಪ್ಪಿಸ್ಬೇಕು, ಗಂಡನನ್ನ ಕೂರಿಸಿ ಹೇಳ್ಬೇಕು, ಹೆರಿಗೆಯಾಗಿ ಸುಸ್ತಾಗಿರೋ ಹುಡುಗಿಗೆ ಊಟ ನಿದ್ದೆ ಸಿಗೋ ಹಾಗೆ ನೋಡ್ಕೋಬೇಕು. ಇದನ್ನ ನಾನು ಔಷಧಿ ಬರೆಯೋದಕ್ಕಿಂತ ಕಡಿಮೆ ಕೆಲಸ ಅಂತ ಯಾವತ್ತೂ ಅಂದ್ಕೊಂಡಿಲ್ಲ.

ಅಜ್ಜಿಯರ ವಿಷಯಕ್ಕೆ ಬರೋಣ, ಇದು ಯಾವ ಪಠ್ಯಪುಸ್ತಕದಲ್ಲೂ ಇರಲ್ಲ. ಹುಟ್ಟಿದ ಮಗುವಿಗೆ ಬಜೆ ತೇಯ್ದು ನೆಕ್ಕಿಸ್ತಾರೆ, ಜೇನುತುಪ್ಪ ಹಾಕ್ತಾರೆ, ಸ್ನಾನ ಮಾಡಿಸುವಾಗ ಮೂಗು ಕಿವಿಗೆ ಎಣ್ಣೆ ಬಿಡ್ತಾರೆ, ಗಿಣ್ಣುಹಾಲು "ಕೆಟ್ಟ ಹಾಲು" ಅಂತ ಹಿಂಡಿ ಚೆಲ್ಲಿಸ್ತಾರೆ, ಕೆಲವು ಕಡೆ ಹೊಟ್ಟೆ ಉಬ್ಬರ, ಫಿಟ್ಸ್ ಅಂತ ಹೊಟ್ಟೆ ಮೇಲೆ ಬರೆ ಹಾಕಿಸ್ಕೊಂಡು ಆಮೇಲೆ ಆಸ್ಪತ್ರೆಗೆ ಬರ್ತಾರೆ. ಹೊಸದಾಗಿ ಬಂದ ಪಿಜಿ ಇದನ್ನ ನೋಡಿ ಕೂಗಾಡ್ತಾನೆ, ಕೂಗಾಡಿದ ಮೇಲೆ ಆ ಮನೆಯವರು ಬರೆ ಹಾಕಿಸೋದನ್ನೇನೂ ನಿಲ್ಸಲ್ಲ, ನಿಮಗೆ ಹೇಳೋದನ್ನ ನಿಲ್ಸ್ತಾರೆ. ಅಜ್ಜಿಯನ್ನ ಕುರ್ಚಿ ಕೊಟ್ಟು ಕೂರಿಸಿ, "ಅಜ್ಜಿ, ನೀವೆಷ್ಟು ಮಕ್ಕಳನ್ನ ಸಾಕಿದೀರಾ, ಈ ಮನೇಲಿ ನಿಮ್ಮ ಮಾತೇ ನಡೆಯೋದು ಅಂತ ಗೊತ್ತು, ಈ ಕೂಸು ಏಳು ತಿಂಗಳಿಗೇ ಹುಟ್ಟಿದೆ, ಇದಕ್ಕೆ ಎದೆಹಾಲು ಬಿಟ್ಟು ಬೇರೇನೂ ಒಳಗೆ ಹೋಗದೇ ಇರೋ ಹಾಗೆ ಕಾಯೋ ಜವಾಬ್ದಾರಿ ನಿಮ್ಮದು" ಅಂದ್ನೋಡಿ. ಆಮೇಲೆ ವಾರ್ಡಲ್ಲಿ ನರ್ಸ್‌ಗಿಂತ ಸ್ಟ್ರಿಕ್ಟಾಗಿ ಕಾಯೋದು ಅದೇ ಅಜ್ಜಿ. 2017ರಲ್ಲಿ ಮೀಸಲ್ಸ್ ರುಬೆಲ್ಲಾ ಅಭಿಯಾನ ಕರ್ನಾಟಕದಲ್ಲಿ ನಡೆದಾಗ ವಾಟ್ಸಪ್‌ನಲ್ಲಿ ಏನೇನೋ ಗಾಳಿಸುದ್ದಿ ಬಂದು ಶಾಲೆಗಳಲ್ಲಿ ಅಪ್ಪ ಅಮ್ಮ ಲಸಿಕೆ ಬೇಡ ಅಂತ ಕೂತಿದ್ರು, ಆಗಲೂ ಕೆಲಸ ಮಾಡಿದ್ದು ಅವರಿಗೆ ಗೊತ್ತಿರೋ ಡಾಕ್ಟರ್ ಒಬ್ಬರು ಎದುರಿಗೆ ನಿಂತು ಹೇಳಿದ ಮಾತು.

ಮಳೆಗಾಲದಲ್ಲಿ ಡೆಂಗ್ಯೂ ವಾರ್ಡ್ ನೋಡಿರ್ತೀರಿ. ಅಲ್ಲಿ ಮಕ್ಕಳನ್ನ ಕಳ್ಕೊಳ್ಳೋದು ಜ್ವರ ಜೋರಾಗಿರೋವಾಗ ಕಡಿಮೆ, ಜ್ವರ ಬಿಟ್ಟ ಮೇಲೆ ಜಾಸ್ತಿ. ಮೂರನೇ ದಿನದಿಂದ ಏಳನೇ ದಿನದ ಮಧ್ಯೆ ಜ್ವರ ಇಳಿಯುತ್ತೆ, ಮನೆಯವರು "ಹುಷಾರಾಯ್ತು, ಡಿಸ್ಚಾರ್ಜ್ ಮಾಡಿ" ಅಂತಾರೆ, ಅದೇ ಹೊತ್ತಿಗೆ ರಕ್ತನಾಳದಿಂದ ಪ್ಲಾಸ್ಮಾ ಸೋರ್ತಿರುತ್ತೆ, ಮಗು ಹೊಟ್ಟೆನೋವು ಅನ್ನುತ್ತೆ, ವಾಂತಿ ಮಾಡುತ್ತೆ, ಮಂಕಾಗಿ ಕೂರುತ್ತೆ, ಕೈಕಾಲು ತಣ್ಣಗಾಗುತ್ತೆ, ಮೇಲಿನ ಬಿಪಿಗೂ ಕೆಳಗಿನ ಬಿಪಿಗೂ ಅಂತರ 20ಕ್ಕೆ ಇಳಿಯುತ್ತೆ. ಪ್ಲೇಟ್‌ಲೆಟ್ ಎಷ್ಟು ಅಂತ ಎಲ್ಲರೂ ಕೇಳ್ತಾರೆ, ಹಿಮಟೋಕ್ರಿಟ್ (ರಕ್ತ ಎಷ್ಟು ಗಟ್ಟಿಯಾಗಿದೆ ಅನ್ನೋ ಅಳತೆ) ಏರ್ತಿದೆಯಾ, ಮೂತ್ರ ಎಷ್ಟು ಹೋಯ್ತು ಅಂತ ಯಾರೂ ಕೇಳಲ್ಲ. ಆ ರಾತ್ರಿ ಪ್ರತಿ ಗಂಟೆ ಹಾಸಿಗೆ ಪಕ್ಕ ಹೋಗಿ ಕಾಲು ಮುಟ್ಟಿ ನೋಡಿ ಫ್ಲೂಯಿಡ್ ಏರಿಸಿ ಇಳಿಸಿ ಮಾಡೋ ಪಿಜಿಯಿಂದ ಮಗು ಬದುಕುತ್ತೆ. ಬೆಳಿಗ್ಗೆ ಅದು ಎದ್ದು ಇಡ್ಲಿ ಕೇಳುತ್ತೆ. ದೊಡ್ಡವರ ಮೆಡಿಸಿನ್‌ನಲ್ಲಿ ಶುಗರ್, ಬಿಪಿ, ಕಿಡ್ನಿ ಅಂತ ಜೀವನಪೂರ್ತಿ ಜೊತೆಗಿರೋ ಕಾಯಿಲೆ ಜಾಸ್ತಿ, ನಮ್ಮಲ್ಲಿ ಸಾಯೋ ಸ್ಥಿತಿಯಿಂದ ಪೂರ್ತಿ ವಾಪಸ್ ಬಂದು ವಾರದೊಳಗೆ ಶಾಲೆಗೆ ಹೋಗೋದನ್ನ ನೋಡೋದು ಸಾಮಾನ್ಯ. ಈ ಖುಷಿಗೆ ಸಮ ಬೇರೆ ಇಲ್ಲ ಅಂತ ನಾನು ಯಾವ ಸಂಕೋಚವೂ ಇಲ್ದೆ ಹೇಳ್ತೀನಿ.

ಈಗ ಕಷ್ಟದ್ದು. ಮೂರು ವರ್ಷದ ರೆಸಿಡೆನ್ಸಿ (ಪಿಜಿ ಓದ್ತಾ ಆಸ್ಪತ್ರೆಯಲ್ಲಿ ಕೆಲಸ ಮಾಡೋ ಅವಧಿ) ಸುಲಭ ಇಲ್ಲ, ಅದನ್ನ ಮುಚ್ಚಿಟ್ಟು ನಿಮ್ಮನ್ನ ಈ ಕಡೆ ಎಳೆಯೋಕೆ ನಂಗಿಷ್ಟ ಇಲ್ಲ. ರೇಡಿಯಾಲಜಿ, ಡರ್ಮಾ ಸೀಟು ಮೊದಲು ಖಾಲಿ ಆಗೋಕೆ ಕಾರಣ ಇದೆ. ನಮ್ಮಲ್ಲಿ ಎಮರ್ಜೆನ್ಸಿ ಜಾಸ್ತಿ, ಲೇಬರ್ ರೂಮಿಂದ ರಾತ್ರಿ ಮೂರಕ್ಕೆ ಕಾಲ್ ಬರುತ್ತೆ, ಹುಟ್ಟಿದ ಮಗು ಅಳದೇ ಇದ್ರೆ ಮೊದಲ ಒಂದು ನಿಮಿಷದೊಳಗೆ ಒರೆಸಿ, ಬೆಚ್ಚಗಿಟ್ಟು, ತಲೆ ಸರಿಯಾಗಿ ಇಟ್ಟು, ಬ್ಯಾಗ್ ಮಾಸ್ಕ್‌ನಲ್ಲಿ ಉಸಿರು ಶುರು ಮಾಡಿಸ್ಬೇಕು. ಆ ಒಂದು ನಿಮಿಷ ಕೈ ನಡುಗಬಾರದು. ಇದು ಹುಟ್ಟುಗುಣ ಅಲ್ಲ, ಗೊಂಬೆ ಮೇಲೆ ಮತ್ತೆ ಮತ್ತೆ ಮಾಡಿ ಬರೋ ಅಭ್ಯಾಸ, ಹಾಗಾಗಿ ಈಗ ಕೈ ನಡುಗುತ್ತೆ ಅಂತ ಹೆದರ್ಬೇಡಿ. ನೂಲಿನೆಳೆಯಂಥ ರಕ್ತನಾಳಕ್ಕೆ ಕ್ಯಾನುಲಾ (ಔಷಧಿ ಏರಿಸೋ ಸಣ್ಣ ಕೊಳವೆ) ಹಾಕೋದೂ ಹಾಗೇ ಬರುತ್ತೆ. ಇದರ ಜೊತೆಗೆ ಮನೆಯವರ ಆತಂಕ ಸಿಟ್ಟಿಗೆ ತಿರುಗೋದೂ ನಮ್ಮಲ್ಲಿ ಬೇಗ, ಮಗುವಿನ ವಿಷಯ ಅಂದ್ರೆ ಯಾರಿಗೂ ತಡ್ಕೊಳ್ಳೋಕಾಗಲ್ಲ. ಕರ್ನಾಟಕದಲ್ಲಿ ವೈದ್ಯ ಸಿಬ್ಬಂದಿ ಮೇಲಿನ ಹಲ್ಲೆ ವಿರುದ್ಧ 2009ರಿಂದ ಕಾನೂನಿದೆ, ಆದ್ರೆ ರಾತ್ರಿ ಹೊತ್ತು ಕ್ಯಾಶುವಾಲ್ಟಿಯಲ್ಲಿ ನಿಮ್ಮನ್ನ ಕಾಯೋದು ಗಂಟೆಗೊಮ್ಮೆ ಹೊರಗೆ ಬಂದು "ಈಗ ಹೀಗಿದೆ, ಮುಂದೆ ಹೀಗಾಗಬಹುದು" ಅಂತ ಹೇಳೋ ಅಭ್ಯಾಸ. ಇನ್ನೊಂದು, ಮೈಮೇಲಿನ ಗಾಯಕ್ಕೂ ಮನೆಯವರು ಹೇಳೋ ಕಥೆಗೂ ತಾಳೆ ಆಗದೇ ಇರೋ ಮಗು ಬರುತ್ತೆ. ಮಕ್ಕಳನ್ನ ಲೈಂಗಿಕ ಅಪರಾಧಗಳಿಂದ ಕಾಯೋ 2012ರ ಪೋಕ್ಸೋ ಕಾಯ್ದೆ ಪ್ರಕಾರ ಲೈಂಗಿಕ ದೌರ್ಜನ್ಯದ ವಿಷಯ ತಿಳಿದ್ಮೇಲೆ ವರದಿ ಮಾಡೋದು ಕಡ್ಡಾಯ, ಮನೆಯವರು ಕಾಲಿಗೆ ಬಿದ್ರೂ ಕಡ್ಡಾಯ. ಅಂಥ ದಿನ ಮಗುವಿನ ಕಡೆ ನಿಲ್ಲೋ ಗಟ್ಟಿತನ ಬೇಕು.

ನಿಮಗೆ ನಿದ್ದೆ ಬರದ ವಿಷಯ. ಆ ಮಗು ಹೋದದ್ದಕ್ಕೆ ನಿಮಗೆ ನಿದ್ದೆ ಬರ್ಲಿಲ್ಲ ಅನ್ನೋದು ನೀವು ಈ ಬ್ರಾಂಚ್‌ಗೆ ತಕ್ಕವರಲ್ಲ ಅನ್ನೋಕೆ ಸಾಕ್ಷಿ ಅಲ್ಲ. ನಾನು ಕೇಳೋದು ಬೇರೆ: ಆ ರಾತ್ರಿಗಳ ಮಾರನೇ ದಿನ ನೀವು ಡ್ಯೂಟಿಗೆ ಹೋದ್ರಾ, ಪಕ್ಕದ ವಾರ್ಮರ್‌ನಲ್ಲಿದ್ದ (ಮಗುವನ್ನ ಬೆಚ್ಚಗಿಡೋ ತೊಟ್ಟಿಲು) ಮಗುವಿನ ಫೀಡ್ ಲೆಕ್ಕ ಸರಿಯಾಗಿ ಹಾಕಿದ್ರಾ? ಹಾಕಿದ್ರೆ ನೀವು ಮಾಡಬಲ್ಲಿರಿ. ದುಃಖ ಆಗ್ಲೇಬಾರದು ಅಂತ ಕಲ್ಲು ಮಾಡ್ಕೊಂಡೋರನ್ನ ನಾನು ನೋಡಿದೀನಿ, ಅವರು ಮೊದಲು ಮನೆಯವರ ಜೊತೆ ಮಾತಾಡೋದು ನಿಲ್ಸ್ತಾರೆ, ಆಮೇಲೆ ಮಗುವನ್ನ ನೋಡೋದೂ ಕಡಿಮೆ ಮಾಡ್ತಾರೆ. ಮಗು ಹೋದಾಗ ಮಾಡ್ಬೇಕಾದ ಕೆಲಸಗಳಿವೆ, ಅದನ್ನ ಯಾರೂ ಸರಿಯಾಗಿ ಹೇಳ್ಕೊಡಲ್ಲ. ಕಾರಿಡಾರಲ್ಲಿ ನಿಂತು ಹೇಳ್ಬೇಡಿ, ಅಪ್ಪ ಅಮ್ಮ ಇಬ್ಬರನ್ನೂ ಒಂದು ಕಡೆ ಕೂರಿಸಿ, ನೀವೂ ಕೂತು, "ಮಗು ತೀರ್ಕೊಂಡಿದೆ" ಅಂತ ಸ್ಪಷ್ಟವಾಗಿ ಹೇಳಿ. "ನಮ್ಮ ಕೈ ಮೀರಿ ಹೋಯ್ತು" ಅಂತ ಸುತ್ತಿ ಬಳಸಿ ಹೇಳಿದ್ರೆ ಅವರು ಇನ್ನೂ ಆಸೆ ಇದೆ ಅಂದ್ಕೋತಾರೆ. ಟ್ಯೂಬು ಟೇಪು ತೆಗೆದು ಮುಖ ಒರೆಸಿ ಬಟ್ಟೆ ಸುತ್ತಿ ತಾಯಿ ಕೈಗೆ ಕೊಡಿ, ಎತ್ಕೊಳ್ಳೋಕೆ ಬಿಡಿ, ಎಷ್ಟೋ ತಾಯಂದಿರು ಬದುಕಿದ್ದಾಗ ಒಂದ್ಸಲನೂ ಎತ್ಕೊಂಡಿರಲ್ಲ. "ನಾನು ಬಸುರಲ್ಲಿ ಏನೋ ತಿಂದಿದ್ದಕ್ಕೆ ಹೀಗಾಯ್ತಾ" ಅಂತ ಕೇಳ್ತಾರೆ, ಅಲ್ಲ ಅಂತ ಗಟ್ಟಿಯಾಗಿ, ಅತ್ತೆಗೂ ಕೇಳೋ ಹಾಗೆ ಹೇಳಿ. ಆ ಮಾತು ಆ ಹುಡುಗಿಯ ಮುಂದಿನ ಸಂಸಾರವನ್ನ ಕಾಯುತ್ತೆ. ಆಮೇಲೆ ನಿಮ್ಮ ಯೂನಿಟ್‌ನಲ್ಲಿ ಸೀನಿಯರ್ ಜೊತೆ ಕೂತು ಏನಾಯ್ತು, ಬೇರೆ ಏನು ಮಾಡಬಹುದಿತ್ತು ಅಂತ ಮಾತಾಡಿ. ನಿದ್ದೆ ವಾರಗಟ್ಟಲೆ ಬರದೇ ಇದ್ರೆ ಸೈಕಿಯಾಟ್ರಿಸ್ಟ್ ಹತ್ರ ಹೋಗಿ, ಅದ್ರಲ್ಲಿ ಮುಜುಗರ ಏನಿದೆ.

ಇನ್ನು ಒಟ್ಟು ಚಿತ್ರ ನೋಡಿ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಒಂದು ವರ್ಷ ತುಂಬೋದ್ರೊಳಗೆ ಹೋಗ್ತಿದ್ವು, 2020ಕ್ಕೆ ಅದು 28ಕ್ಕೆ ಬಂದಿದೆ. ಸಹಜ ವೈರಸ್‌ನಿಂದ ಬರೋ (ವೈಲ್ಡ್) ಪೋಲಿಯೊ ಕೇಸ್ ನಮ್ಮಲ್ಲಿ 2011ರ ಜನವರಿ ನಂತರ ಇಲ್ಲ. ನೀವು ಇಂಟರ್ನ್ ಆಗಿ ನೋಡಿದ ಆ ಒಂದು ಸಾವು ನಿಜ, ಅದ್ರ ಜೊತೆ ಇದೂ ನಿಜ.

"ಮಕ್ಕಳೇ ಹುಟ್ತಿಲ್ಲ" ಅನ್ನೋ ಸೀನಿಯರ್ಸ್ ಮಾತಲ್ಲಿ ಅರ್ಧ ಸತ್ಯ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಫರ್ಟಿಲಿಟಿ ದರ (ಒಬ್ಬ ಹೆಣ್ಣಿಗೆ ಸರಾಸರಿ ಹುಟ್ಟೋ ಮಕ್ಕಳು) 1.7, ಜನಸಂಖ್ಯೆ ಹಾಗೇ ನಿಲ್ಲೋಕೆ 2.1 ಬೇಕು. ಬೆಂಗಳೂರಲ್ಲಿ ಒಂದೇ ರಸ್ತೆಯಲ್ಲಿ ನಾಲ್ಕು ಮಕ್ಕಳ ಕ್ಲಿನಿಕ್ ಇರೋ ಏರಿಯಾಗಳಿವೆ, ಅಲ್ಲಿ ಹೊಸದಾಗಿ ಬೋರ್ಡ್ ಹಾಕಿ ಲಸಿಕೆ ಮತ್ತು ನೆಗಡಿ ನಂಬ್ಕೊಂಡು ಕೂರ್ತೀನಿ ಅಂದ್ರೆ ಕಷ್ಟಾನೇ. ಆದ್ರೆ ಕೆಲಸದ ಸ್ವರೂಪ ಬದಲಾಗ್ತಿದೆ. ಮೊದಲು ಬದುಕದೇ ಇದ್ದ ಒಂದು ಕೆಜಿ ಮಕ್ಕಳು ಈಗ ಬದುಕ್ತಿದಾರೆ, ಅವರಿಗೆ ಕಣ್ಣಿನ ಸ್ಕ್ರೀನಿಂಗ್, ಕಿವಿ ಟೆಸ್ಟ್, ಬೆಳವಣಿಗೆ ನೋಡೋದು ವರ್ಷಗಟ್ಟಲೆ ಇರುತ್ತೆ. ಆಟಿಸಂ, ಮಾತು ತಡ, ಕಲಿಕೆ ತೊಂದರೆ ಅಂತ ಬರೋರಿಗೆ ಜಿಲ್ಲಾ ಕೇಂದ್ರದಲ್ಲೂ ನೋಡೋರು ಸಾಲಲ್ಲ. ಹುಟ್ಟಿನಿಂದ ಹೃದಯದ ತೊಂದರೆ, ಎಪಿಲೆಪ್ಸಿ, ಟೈಪ್ ಒನ್ ಡಯಾಬಿಟಿಸ್, ಮಕ್ಕಳ ಬೊಜ್ಜು, ಹದಿಹರೆಯದವರ ಮನಸ್ಸಿನ ಸಮಸ್ಯೆ, ಹದಿನೆಂಟರವರೆಗೆ ಎಲ್ಲಾ ನಮ್ಮದೇ. ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಶಾಲೆ ಅಂಗನವಾಡಿಗಳಲ್ಲಿ ಇಂಥ ಮಕ್ಕಳನ್ನ ಹುಡುಕಿ ಕಳಿಸ್ತಿದೆ, ಕಳಿಸಿದ ಮೇಲೆ ನೋಡೋ ಡಾಕ್ಟರ್ ಬೇಕಲ್ಲ. ತಾಲೂಕು ಮಟ್ಟಕ್ಕೆ ಹೋಗಿ ನೋಡಿ, ಒಬ್ಬ ಒಳ್ಳೆ ಮಕ್ಕಳ ಡಾಕ್ಟರ್ ಬಂದು ಕೂತ್ರೆ ಊರೇ ಹೊತ್ಕೊಳ್ಳುತ್ತೆ.

ದುಡ್ಡಿನ ಬಗ್ಗೆ ನೇರವಾಗಿ ಹೇಳ್ತೀನಿ. ನಮ್ಮಲ್ಲಿ ಪ್ರೊಸೀಜರ್ ಕಡಿಮೆ, ಸಮಯ ಜಾಸ್ತಿ, ಹಾಗಾಗಿ ಆರ್ಥೋ, ರೇಡಿಯಾಲಜಿ ಥರ ಬೇಗ ಗಳಿಕೆ ಆಗಲ್ಲ. ಕ್ಲಿನಿಕ್ ಕುದುರೋಕೆ ಕೆಲವು ವರ್ಷ ಬೇಕು. ಆಮೇಲೆ ಗೌರವವಾಗಿ ಸಂಸಾರ ನಡೆಸಿ ಮನೆ ಕಟ್ಟಿ ಮಕ್ಕಳನ್ನ ಓದಿಸೋಕೆ ಯಾವ ಕೊರತೆನೂ ಆಗಲ್ಲ. ನೀವು ಕೋಟಿಗಟ್ಟಲೆ ಸಾಲ ಮಾಡಿ ಡರ್ಮಾ ತಗೊಂಡ್ರೆ ಮೊದಲ ದಿನದಿಂದ್ಲೇ ಸಾಲದ ಕಂತು ನಿಮ್ಮ ಪೇಷಂಟ್ ಪಕ್ಕ ಕೂತಿರುತ್ತೆ, ಯಾವ ಲೇಸರ್ ಬೇಕು ಯಾವುದು ಬೇಡ ಅಂತ ಅದೇ ಹೇಳೋಕೆ ಶುರು ಮಾಡುತ್ತೆ. ಡರ್ಮಾ ಒಳ್ಳೆ ಬ್ರಾಂಚ್, ಕುಷ್ಠ, ಸೋರಿಯಾಸಿಸ್ ನೋಡೋ ನನ್ನ ಗೆಳತಿಯರ ಬಗ್ಗೆ ನನಗೆ ತುಂಬಾ ಗೌರವ ಇದೆ, ಆದ್ರೆ ಚರ್ಮದ ವಿಷಯ ಓದೋಕೆ ಆಸಕ್ತಿ ಇದ್ದು ತಗೊಳ್ಳಿ. ರಾತ್ರಿ ನಿದ್ದೆಗೋಸ್ಕರ ಮಾತ್ರ ತಗೊಂಡ್ರೆ ಹಗಲೆಲ್ಲಾ ಬೇಜಾರಲ್ಲಿ ಕಳೀಬೇಕಾಗುತ್ತೆ.

ಅಪ್ಪ ಅಮ್ಮನ ಚಿಂತೆ ಸುಳ್ಳಲ್ಲ. ಪಿಜಿ ಮುಗಿಯೋ ಹೊತ್ತಿಗೇ ಮದುವೆ, ಬಸಿರು, ಬಾಣಂತನ ಎಲ್ಲಾ ಒಟ್ಟಿಗೆ ಬರುತ್ತೆ, ಮೆಟರ್ನಿಟಿ ರಜೆ ತಗೊಂಡ್ರೆ ಟರ್ಮ್ ಮುಂದೆ ಹೋಗಬಹುದು. ಆದ್ರೆ ನೈಟ್ ಡ್ಯೂಟಿ ಜೀವನಪೂರ್ತಿ ಇರಲ್ಲ. ಎಂಡಿ ಆದ್ಮೇಲೆ ಓಪಿಡಿ ಮಾತ್ರ ಮಾಡೋರಿದಾರೆ, ಮೂರ್ನಾಲ್ಕು ಜನ ಸೇರಿ ಗ್ರೂಪ್ ಪ್ರಾಕ್ಟೀಸ್ ಮಾಡಿ ರಾತ್ರಿ ಸರದಿ ಹಂಚ್ಕೊಂಡೋರಿದಾರೆ, ಮೆಡಿಕಲ್ ಕಾಲೇಜಲ್ಲಿ ಪಾಠ ಮಾಡೋರಿದಾರೆ, ಡೆವಲಪ್‌ಮೆಂಟಲ್ ಪೀಡಿಯಾಟ್ರಿಕ್ಸ್ ಥರ ಹಗಲಿನ ಕೆಲಸ ಆರಿಸ್ಕೊಂಡೋರಿದಾರೆ. ನಿಯೋನೇಟಾಲಜಿ (ನವಜಾತ ಶಿಶು ವಿಭಾಗ), ಪಿಐಸಿಯು (ಮಕ್ಕಳ ತೀವ್ರ ನಿಗಾ ಘಟಕ) ಆರಿಸ್ಕೊಂಡ್ರೆ ಮಾತ್ರ ರಾತ್ರಿಗಳು ಬಹಳ ಕಾಲ ಬಿಡಲ್ಲ. ಅಪ್ಪನಿಗೆ ಈ ವ್ಯತ್ಯಾಸ ಕೂತು ಹೇಳಿ, "ನಂಗೆ ಇಷ್ಟ" ಅಂತಷ್ಟೇ ಹೇಳಿದ್ರೆ ಅವರಿಗೆ ಸಮಾಧಾನ ಆಗಲ್ಲ.

ಯಾವ ಕೋರ್ಸ್ ಅಂತ ಕೇಳಿಲ್ಲ, ಆದ್ರೂ ಹೇಳ್ತೀನಿ. ಎಂಡಿ ಮೂರು ವರ್ಷ, ಎಂಡಿಗೆ ಸಮ ಅಂತ ಪರಿಗಣಿಸೋ ಡಿಎನ್‌ಬಿ ಮೂರು ವರ್ಷ, ಎರಡು ವರ್ಷದ ಮಕ್ಕಳ ಡಿಪ್ಲೊಮಾ ಕೂಡ ಇದೆ, ಡಿಪ್ಲೊಮಾ ನಂತರ ಇನ್ನೆರಡು ವರ್ಷ ಮಾಡಿ ಡಿಎನ್‌ಬಿ ಮುಗಿಸಬಹುದು. ಮುಂದೆ ನಿಯೋನೇಟಾಲಜಿ, ನ್ಯೂರೋ, ಕಾರ್ಡಿಯಾಲಜಿ ಇತ್ಯಾದಿ ಬೇಕಂದ್ರೆ ನೀಟ್ ಎಸ್‌ಎಸ್ (ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ) ಬರೆದು ಡಿಎಂ ಅಥವಾ ಡಿಆರ್‌ಎನ್‌ಬಿ ಅನ್ನೋ ಸೂಪರ್ ಸ್ಪೆಷಾಲಿಟಿ ಕೋರ್ಸ್ ಮತ್ತೆ ಮೂರು ವರ್ಷ. ಅದನ್ನ ಈಗಲೇ ತಲೆಗೆ ಹಚ್ಕೋಬೇಡಿ, ಎರಡನೇ ವರ್ಷದ ಪಿಜಿಯಲ್ಲಿ ನಿಮ್ಮ ಕಾಲು ತಾನಾಗೇ ಯಾವ ವಾರ್ಡ್ ಕಡೆ ಹೋಗುತ್ತೆ ಅಂತ ಗೊತ್ತಾಗುತ್ತೆ.

ಕಾಲೇಜ್ ಆಯ್ಕೆ ಬಗ್ಗೆ ನಂಗೆ ಗಟ್ಟಿ ಅಭಿಪ್ರಾಯ ಇದೆ. ಕಟ್ಟಡ, ಹಾಸ್ಟೆಲ್, ಊರು ನೋಡ್ಬೇಡಿ, ಖಾಯಿಲೆ ಜಾಸ್ತಿ ಇರೋ ಮಕ್ಕಳು ಎಲ್ಲಿ ಬರ್ತಾರೆ ಅಂತ ನೋಡಿ. ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ ಥರ ಹೆರಿಗೆ ತುಂಬಾ ಆಗೋ ಕಡೆ ಹುಟ್ಟಿದ ಮಗುವಿನ ಕೆಲಸ ಕೈಗೆ ಹತ್ತುತ್ತೆ. ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಗೆ ರಾಜ್ಯದ ಮೂಲೆ ಮೂಲೆಯಿಂದ ರೆಫರ್ ಆದ ಕೇಸ್ ಬರುತ್ತೆ. ಹುಬ್ಬಳ್ಳಿ, ಬಳ್ಳಾರಿ, ಕಲಬುರಗಿ, ರಾಯಚೂರಿನ ಸರ್ಕಾರಿ ಕಾಲೇಜುಗಳಲ್ಲಿ ತೀವ್ರ ಅಪೌಷ್ಟಿಕತೆ, ತಡವಾಗಿ ಬರೋ ಮಕ್ಕಳು ಜಾಸ್ತಿ, ಬೆಂಗಳೂರಿನ ಹೊಳೆಯೋ ಆಸ್ಪತ್ರೆಯಲ್ಲಿ ಅಂಥದ್ದು ಅಪರೂಪ. ಸೇರೋಕೆ ಮುಂಚೆ ಅಲ್ಲಿನ ಪಿಜಿಗಳಿಗೆ ಫೋನ್ ಮಾಡಿ ಕೇಳಿ: ಹೊರಗಡೆ ಹುಟ್ಟಿ ಬರೋ ಮಕ್ಕಳನ್ನ ಎನ್‌ಐಸಿಯುಗೆ ತಗೋತಾರಾ, ವೆಂಟಿಲೇಟರ್ ಪಿಜಿ ಕೈಗೆ ಕೊಡ್ತಾರಾ, ರಾತ್ರಿ ಕನ್ಸಲ್ಟೆಂಟ್ ಫೋನ್ ಎತ್ತುತ್ತಾರಾ, ಥೀಸಿಸ್ ಗೈಡ್ ಮನುಷ್ಯರ ಥರ ನಡ್ಕೋತಾರಾ, ವಾರಕ್ಕೊಂದು ರಜೆ ನಿಜಕ್ಕೂ ಸಿಗುತ್ತಾ. ಕೊನೆಯ ಎರಡು ಪ್ರಶ್ನೆಗೆ ಅವರು ಸ್ವಲ್ಪ ಹೊತ್ತು ಸುಮ್ಮನಾದ್ರೆ ಆ ಕಾಲೇಜನ್ನ ಲಿಸ್ಟಲ್ಲಿ ಕೆಳಗೆ ಹಾಕಿ. ಎಂಡಿ ಮಧ್ಯದಲ್ಲಿ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡೋ ಪೋಸ್ಟಿಂಗೂ ಇರುತ್ತೆ, ಅದನ್ನ ರಜೆ ಅಂದ್ಕೊಳ್ದೆ ಅಲ್ಲಿನ ನವಜಾತ ಶಿಶು ಘಟಕದಲ್ಲಿ ಕೂತ್ರೆ ಎಷ್ಟೋ ಕಲೀಬಹುದು.

ಚಾಯ್ಸ್ ಫಿಲ್ಲಿಂಗ್‌ಗೆ (ಕಾಲೇಜು, ಬ್ರಾಂಚ್ ಆಯ್ಕೆ ಪಟ್ಟಿ ತುಂಬೋದು) ಇನ್ನೂ ಸಮಯ ಇದೆ ಅಂದ್ಕೊಂಡಿದೀನಿ. ಕೆಇಎ (ರಾಜ್ಯದ ಕೌನ್ಸೆಲಿಂಗ್) ಮತ್ತು ಎಂಸಿಸಿ (ಅಖಿಲ ಭಾರತ ಕೌನ್ಸೆಲಿಂಗ್) ಎರಡೂ ಕಡೆ ರಿಜಿಸ್ಟರ್ ಮಾಡಿ, ಬಾಂಡ್ ಸೇವೆ (ಓದಿದ ಮೇಲಿನ ಕಡ್ಡಾಯ ಸರ್ಕಾರಿ ಸೇವೆ), ಸೀಟು ಬಿಟ್ರೆ ಕಟ್ಟಬೇಕಾದ ದಂಡ ಇದೆಲ್ಲ ಈ ವರ್ಷದ ನೋಟಿಫಿಕೇಶನ್‌ನಲ್ಲೇ ಓದಿ, ಸೀನಿಯರ್ ಹೇಳಿದ್ದು ನಂಬ್ಕೋಬೇಡಿ, ನಿಯಮ ಬದಲಾಗ್ತಿರುತ್ತೆ. ಅದಕ್ಕೂ ಮುಂಚೆ ನಿಮ್ಮ ಕಾಲೇಜಲ್ಲೇ ಪೀಡಿಯಾಟ್ರಿಕ್ಸ್ ಪಿಜಿ ಒಬ್ಬರನ್ನ ಕೇಳ್ಕೊಂಡು ಎರಡು ರಾತ್ರಿ ಅವರ ಹಿಂದೆ ಓಡಾಡಿ, ಒಂದು ರಾತ್ರಿ ಲೇಬರ್ ರೂಮ್ ಮತ್ತು ಎನ್‌ಐಸಿಯು, ಇನ್ನೊಂದು ರಾತ್ರಿ ಕ್ಯಾಶುವಾಲ್ಟಿ. ಪೋಸ್ಟಿಂಗ್‌ನಲ್ಲಿ ಇಂಟರ್ನ್ ಆಗಿ ಬ್ಲಡ್ ಸ್ಯಾಂಪಲ್ ಹಿಡ್ಕೊಂಡು ಓಡೋದಕ್ಕೂ ಇದಕ್ಕೂ ವ್ಯತ್ಯಾಸ ಇದೆ, ಈ ಸಲ ಪಿಜಿ ಮನೆಯವರ ಜೊತೆ ಮಾತಾಡೋವಾಗ ಪಕ್ಕದಲ್ಲಿ ನಿಂತು ಕೇಳಿಸ್ಕೊಳ್ಳಿ, ಆ ಜಾಗದಲ್ಲಿ ನೀವಿದ್ರೆ ಏನು ಹೇಳ್ತಿದ್ರಿ ಅಂತ ಯೋಚನೆ ಮಾಡಿ. ಎರಡನೇ ದಿನ ಬೆಳಿಗ್ಗೆ ಸುಸ್ತಾಗಿದ್ರೂ ಇನ್ನೊಂದು ಮಗುವನ್ನ ನೋಡ್ಕೊಂಡು ಹೋಗೋಣ ಅನ್ಸಿದ್ರೆ ಪೀಡಿಯಾಟ್ರಿಕ್ಸ್‌ನ ಲಿಸ್ಟಲ್ಲಿ ಮೇಲೆ ಹಾಕಿ. ಅನ್ಸ್‌ದೇ ಇದ್ರೆ ಬೇಡ, ಅದ್ರಲ್ಲಿ ತಪ್ಪೇನಿಲ್ಲ, ಆಗ ಮೆಡಿಸಿನ್, ಸೈಕಿಯಾಟ್ರಿ, ಕಮ್ಯುನಿಟಿ ಮೆಡಿಸಿನ್ ಪಿಜಿಗಳ ಹಿಂದೆನೂ ಇದೇ ಥರ ಒಂದೊಂದು ದಿನ ಓಡಾಡಿ ನೋಡಿ, ಸೀಟ್ ಸಿಕ್ಕಿದ ಮೇಲೆ ಯಾವುದು ಅಂತ ಬರೀರಿ.